ಲಾನ್‌ಗೆ ತೂತು ಹೊಡೆಯಿರಿ, ಆದರೆ ಹದ ನೋಡಿ ಕೈ ಹಾಕಿ

ದಿನಾ ನೀರು ಬಿಡುತ್ತೀರಿ, ಆಗಾಗ ಗೊಬ್ಬರವನ್ನೂ ಹಾಕುತ್ತೀರಿ. ಆದರೂ ಗೇಟಿನಿಂದ ಬಾಗಿಲವರೆಗೆ ಓಡಾಡುವ ಜಾಗದಲ್ಲಿ ಹುಲ್ಲು ಹಳದಿಯಾಗಿ, ತೆಳ್ಳಗಾಗಿ, ಅಲ್ಲಲ್ಲಿ ನೆಲ ಕಾಣುತ್ತಿರುತ್ತದೆ ಅಲ್ವಾ? ಇನ್ನೊಂದು ಚೀಲ ಗೊಬ್ಬರ ತರುವ ಮೊದಲು ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಅಲ್ಲಿ ಚುಚ್ಚಿ ನೋಡಿ. ನೀರು ಹಾಕಿದ ಮಾರನೇ ದಿನವೂ ಅದು 2 ಇಂಚು ಇಳಿಯಲು ಕಷ್ಟಪಟ್ಟರೆ ಕೆಳಗಿನ ಬೇರಿಗೆ ಗಾಳಿ ಸಿಗುತ್ತಿಲ್ಲ ಅಂತ ಅರ್ಥ.

ನಮ್ಮ ಕೋಲಾರದ ಕಡೆ ಇದು ಬಹಳ ಮನೆಗಳ ಕತೆ. ಮನೆ ಕಟ್ಟುವಾಗ ಅದೇ ಜಾಗದಲ್ಲಿ ಜಲ್ಲಿ ಸುರಿದಿರುತ್ತಾರೆ, ಗಾರೆ ಕಲಸಿರುತ್ತಾರೆ, ಲಾರಿ ಟ್ರ್ಯಾಕ್ಟರ್ ಓಡಾಡಿರುತ್ತವೆ, ಆಮೇಲೆ ಗೃಹಪ್ರವೇಶಕ್ಕೆ ಇನ್ನು ವಾರ ಇದೆ ಅನ್ನುವಾಗ ಅದರ ಮೇಲೆ ಮೂರು ನಾಲ್ಕು ಇಂಚು ಕೆಂಪು ಮಣ್ಣು ಹರಡಿ ಹುಲ್ಲು ಹಾಸಿಬಿಡುತ್ತಾರೆ. ನಮ್ಮ ಕೆಂಪು ಮಣ್ಣು ಗೊತ್ತಲ್ಲ, ಮಳೆಗೆ ಮೆತ್ತಗಾಗುತ್ತದೆ, ನಾಲ್ಕು ದಿನ ಬಿಸಿಲು ಹೊಡೆದರೆ ಕಲ್ಲಾಗುತ್ತದೆ. ಕಡಲೆಕಾಯಿ ಕೀಳುವ ಹೊತ್ತಿಗೆ ನೆಲ ಒಣಗಿದ್ದರೆ ಗಿಡ ಕೈಗೆ ಬರುತ್ತದೆ, ಕಾಯಿ ಮಣ್ಣಲ್ಲೇ ಉಳಿಯುತ್ತದೆ. ರಾಗಿ ಹೊಲವಾದರೆ ಕುಂಟೆ ಹೊಡೆದು ಮೇಲಿನ ಹೆಪ್ಪು ಒಡೆಯಬಹುದು. ಲಾನ್‌ಗೆ ಕುಂಟೆ ಹೊಡೆಯೋಕೆ ಆಗುತ್ತಾ? ಅದಕ್ಕೇ ತೂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹುಲ್ಲು ಸೊರಗಿತು ಅಂದರೆ ಸಾಕು, ಮೇಲೆ ಇನ್ನೊಂದು ಪದರ ಕೆಂಪು ಮಣ್ಣು ಹರಡುವ ಅಭ್ಯಾಸ ಇದೆ. ನಮ್ಮ ಮನೆಯಲ್ಲೂ ಕೆಲಸಕ್ಕೆ ಬಂದವರೊಬ್ಬರು ಹಾಗೇ ಮಾಡಿ ಹೋದರು. ಕೆಳಗಿನ ಗಟ್ಟಿ ನೆಲ ಹಾಗೇ ಉಳಿಯಿತು, ಮಣ್ಣಿನ ಜೊತೆ ಬಂದ ಕೊನ್ನಾರಿ ಕಳೆಯ ಗಡ್ಡೆಯನ್ನು ಎರಡು ವರ್ಷ ಕಿತ್ತೆ. ದಯವಿಟ್ಟು ಮೊದಲು ಕೆಳಗೆ ದಾರಿ ಬಿಡಿಸಿ, ಮೇಲೆ ಹಾಕುವುದೆಲ್ಲ ಆಮೇಲೆ.

ಯಾವಾಗ ಮಾಡಬೇಕು? ಯೂಟ್ಯೂಬ್‌ನಲ್ಲಿ ಹೊರದೇಶದವರು ಚಳಿ ಶುರುವಾಗುವ ಮೊದಲು ಮಾಡಿ ಅನ್ನುತ್ತಾರೆ, ಅದು ಅವರ ತಂಪು ದೇಶದ ಹುಲ್ಲಿಗೆ ಸರಿ. ನಮ್ಮಲ್ಲಿ ಹಾಕುವ ಮೆಕ್ಸಿಕನ್ ಗ್ರಾಸ್, ಗರಿಕೆ ಜಾತಿಯ ಬರ್ಮುಡಾ ಎರಡೂ ಬೆಚ್ಚನೆಯ ಕಾಲದಲ್ಲಿ ಬೆಳೆಯುವಂಥವು. ಹುಲ್ಲು ಜೋರಾಗಿ ಬೆಳೆಯುವಾಗ ತೂತು ಹೊಡೆದರೆ ಗಾಯ ಬೇಗ ಮಾಯುತ್ತದೆ. ಮೃಗಶಿರ ಮಳೆಯಿಂದ ಆರಿದ್ರಾ ಮಳೆಯವರೆಗೆ, ಅಂದರೆ ಜೂನ್ 2ನೇ ವಾರದಿಂದ ಜುಲೈ ಮೊದಲ ವಾರದ ತನಕ ನನಗೆ ಒಪ್ಪುವ ಕಾಲ. ನಮ್ಮ ಕಡೆ ಜಾಸ್ತಿ ಮಳೆ ಬರುವುದು ಆಗಸ್ಟ್ ಆದಮೇಲೆ, ಅಷ್ಟರಲ್ಲಿ ನೆಲ ನೀರು ಕುಡಿಯಲು ತಯಾರಾಗಿರುತ್ತದೆ. ಏಪ್ರಿಲ್ ಬಿಸಿಲಲ್ಲಿ, ಬೋರ್‌ವೆಲ್ ಸೊರಗಿರುವಾಗ ಬೇಡ, ತೆರೆದ ಬೇರು ಒಣಗುತ್ತದೆ. ಡಿಸೆಂಬರ್ ಚಳಿಯಲ್ಲೂ ಬೇಡ. ಹುಲ್ಲು ಹಾಸಿ ಇನ್ನೂ ವರ್ಷ ತುಂಬಿಲ್ಲ ಅಂದರೆ ಈ ಸಲ ಬಿಟ್ಟುಬಿಡಿ.

ತಿಂಗಳಿಗಿಂತ ಮುಖ್ಯ ಹದ. ಹಿಂದಿನ ದಿನ ಸಂಜೆ ಚೆನ್ನಾಗಿ ನೀರು ಹಾಯಿಸಿ. ಬೆಳಿಗ್ಗೆ ಒಂದು ಹಿಡಿ ಮಣ್ಣು ಅಮುಕಿ ನೋಡಿ, ಉಂಡೆಯಾಗಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು. ಚಪ್ಪಲಿಗೆ ಅಂಟುತ್ತಿದೆ ಅಂದರೆ ಇನ್ನೊಂದು ದಿನ ಕಾಯಿರಿ, ಹಸಿ ಮಣ್ಣಲ್ಲಿ ಓಡಾಡಿದರೆ ಇನ್ನೂ ಗಟ್ಟಿಯಾಗುತ್ತದೆ.

ಸುಮ್ನೆ ಮೊಳೆ ಚುಚ್ಚಿದರೆ ನಮ್ಮ ಜಿಗುಟು ಮಣ್ಣಿಗೆ ಅಷ್ಟು ಉಪಯೋಗ ಇಲ್ಲ, ತೂತಿನ ಸುತ್ತ ಮಣ್ಣು ಒತ್ತಿಕೊಳ್ಳುತ್ತದೆ. ಮೊಳೆ ಹೊಡೆದ ಚಪ್ಪಲಿ ಕೊಳ್ಳುವುದೂ ಬೇಡ. ಮಣ್ಣನ್ನು ಕಿತ್ತು ಹೊರಗೆ ತೆಗೆಯಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಇಂಚಿನ ಜಿಐ ಪೈಪಿನ ಎರಡು ತುಂಡು ತಗೊಂಡು, ಕೆಳಗಿನ ತುದಿ ಓರೆಯಾಗಿ ಕತ್ತರಿಸಿ ಚೂಪು ಮಾಡಿಸಿ, ಕಾಲಿಡಲು ಒಂದು ಪಟ್ಟಿ, ಮೇಲೆ ಒಂದು ಹಿಡಿ ಹಾಕಿಸಿ. ಪಟ್ಟಿಯನ್ನು ಪೈಪಿನ ಪಕ್ಕಕ್ಕೆ ಬೆಸುಗೆ ಹಾಕಬೇಕು, ಬಾಯಿಗೆ ಅಡ್ಡ ಹಾಕಬಾರದು. ಹಾಗಿದ್ದರೆ ಎರಡನೇ ಸಲ ಒತ್ತಿದಾಗ ಮೊದಲಿನ ಮಣ್ಣು ಮೇಲಿನ ಬಾಯಿಂದ ತಾನೇ ಆಚೆ ಬರುತ್ತದೆ. ಇದು ಆಗಲ್ಲ ಅಂದರೆ ನಾಲ್ಕು ಹಲ್ಲಿನ ಗಾರ್ಡನ್ ಫೋರ್ಕ್ ನೆಟ್ಟು ಹಿಂದೆ ಮುಂದೆ ಸ್ವಲ್ಪ ಅಲ್ಲಾಡಿಸಿ, ಅದೂ ಪರವಾಗಿಲ್ಲ.

ಹುಲ್ಲನ್ನು ಮೊದಲೇ ಗಿಡ್ಡ ಕತ್ತರಿಸಿಕೊಳ್ಳಿ. ನೀರಿನ ಪೈಪು, ಕರೆಂಟ್ ವೈರು ಎಲ್ಲಿ ಹೋಗಿದೆ ಅಂತ ನೆನಪು ಮಾಡಿಕೊಂಡು ಗುರುತಿಗೆ ಅದರ ಪಕ್ಕದಲ್ಲಿ ಕಡ್ಡಿ ನೆಡಿ. ತೂತು 3 ಇಂಚು ಆಳ, ಒಂದರಿಂದ ಇನ್ನೊಂದಕ್ಕೆ ಮೂರು ನಾಲ್ಕು ಇಂಚು ದೂರ ಇರಲಿ. ತುಳಿದು ಗಟ್ಟಿಯಾದ ಕಡೆ ಇನ್ನೊಂದು ಸುತ್ತು ಅಡ್ಡಡ್ಡ ಬನ್ನಿ. ಹೊರಗೆ ಬಂದ ಮಣ್ಣಿನ ತುಂಡುಗಳನ್ನು ಅಲ್ಲೇ ಒಣಗಲು ಬಿಟ್ಟು ಪುಡಿ ಮಾಡಬಹುದು, ಬರೀ ಜಿಗುಟಾಗಿದ್ದರೆ ಗುಡಿಸಿ ಗಿಡದ ಬುಡಕ್ಕೆ ಹಾಕಿ.

ಆಮೇಲೆ ಜರಡಿ ಹಿಡಿದ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ ಕಾಲು ಇಂಚಿನಷ್ಟು ಹರಡಿ ಪೊರಕೆಯಲ್ಲಿ ತೂತಿನೊಳಗೆ ಎಳೆಯಿರಿ. 15 ಅಡಿಗೆ 20 ಅಡಿ ಲಾನ್‌ಗೆ ಸುಮಾರು 6 ಘನ ಅಡಿ, ಅಂದರೆ ಖಾಲಿ ಸಿಮೆಂಟ್ ಚೀಲದಲ್ಲಿ ಐದು ಚೀಲ ಬೇಕಾಗುತ್ತದೆ. ಹುಲ್ಲಿನ ತುದಿ ಮುಚ್ಚಬಾರದು. ಹಸಿ ಸಗಣಿ ಬೇಡವೇ ಬೇಡ, ಕಳೆ ಬೀಜವೂ ಜೊತೆಗೇ ಬರುತ್ತದೆ.

ಎರಡು ಮೂರು ವಾರ ಮಳೆ ಕೈ ಕೊಟ್ಟರೆ ನೀರು ಹಾಕುತ್ತಿರಿ, ಮಕ್ಕಳ ಕ್ರಿಕೆಟ್ ರಸ್ತೆಗೆ ಹೋಗಲಿ ಅನ್ನಬೇಡಿ, ಪಕ್ಕದ ಖಾಲಿ ಸೈಟಿಗೆ ಕಳಿಸಿ. ಜಿಗುಟು ನೆಲಕ್ಕೆ ವರ್ಷಕ್ಕೊಂದು ಸಲ ಸಾಕು. ಗೇಟಿನ ದಾರಿ ಮಾತ್ರ ಎಷ್ಟು ತೂತು ಹೊಡೆದರೂ ಕಾಲ ತುಳಿತಕ್ಕೆ ಮತ್ತೆ ಬಿಗಿಯುತ್ತದೆ, ಅಲ್ಲಿ ಒಂದೊಂದು ಹೆಜ್ಜೆಗೆ ಒಂದೊಂದು ಚಪ್ಪಡಿ ಕಲ್ಲು ಹಾಕಿಸಿಬಿಡಿ.