ಮೂರು ಸರ್ವರ್, ಒಂದೇ ಸ್ಕ್ರಿಪ್ಟ್: ಜೋಡಿಸುವುದು ಹೇಗೆ?

ಮೂರು ಸರ್ವರ್ ಇವೆ, ಪ್ರತಿಯೊಂದರಲ್ಲೂ ಡಿಸ್ಕ್ ಎಷ್ಟು ತುಂಬಿದೆ ಅಂತ ದಿನಾ ನೋಡಬೇಕು. ಒಂದೊಂದಕ್ಕೂ ಲಾಗಿನ್ ಆಗಿ, ಡಿಎಫ್ ಕಮಾಂಡ್ ಹೊಡೆದು, ಬರೆದಿಟ್ಟುಕೊಳ್ಳುವುದು ಎರಡು ದಿನ ನಡೆಯುತ್ತದೆ, ಮೂರನೇ ದಿನ ಬೇಜಾರು. ಹೊಸ ಪ್ರೋಗ್ರಾಂ ಏನೂ ಬರೆಯಬೇಕಿಲ್ಲ, ಇರುವುದನ್ನೇ ಸ್ಕ್ರಿಪ್ಟಿನಲ್ಲಿ ಕೂಡಿಸಿದರೆ ಸಾಕು.

ಮೊದಲು ಕೀ. ದೂರದ ಮಷೀನಿಗೆ ಸುರಕ್ಷಿತವಾಗಿ ಲಾಗಿನ್ ಆಗಿ ಕಮಾಂಡ್ ಓಡಿಸುವ ಪ್ರೋಗ್ರಾಂ ಎಸ್‌ಎಸ್‌ಎಚ್, ಕೀ ಇದ್ದರೆ ಅದು ಸರ್ವರ್‌ನ ಪಾಸ್‌ವರ್ಡ್ ಕೇಳುವುದಿಲ್ಲ. ನಿಮ್ಮ ಮಷೀನಿನಲ್ಲಿ ಎಸ್‌ಎಸ್‌ಎಚ್-ಕೀಜೆನ್ ಓಡಿಸಿ, ಆಮೇಲೆ ಎಸ್‌ಎಸ್‌ಎಚ್-ಕಾಪಿ-ಐಡಿ ಬಳಸಿ ಪಬ್ಲಿಕ್ ಕೀಯನ್ನು ಮೂರೂ ಸರ್ವರ್‌ಗೆ ಹಾಕಿ. ಪಾಸ್‌ವರ್ಡನ್ನು ಸ್ಕ್ರಿಪ್ಟಿನೊಳಗೇ ಬರೆದಿಡುವವರಿದ್ದಾರೆ, ದಯವಿಟ್ಟು ಬೇಡ.

ಸರ್ವರ್ ಹೆಸರುಗಳನ್ನು ಸಾಲಿಗೊಂದರಂತೆ ಒಂದು ಫೈಲಿನಲ್ಲಿಡಿ. ಬ್ಯಾಶ್ ಅನ್ನುವ ಶೆಲ್‌ನ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ) ವೈಲ್ ರೀಡ್ ಲೂಪಿನಲ್ಲಿ ಒಂದೊಂದೇ ಹೆಸರು ಓದಿ, ಎಸ್‌ಎಸ್‌ಎಚ್ ಮೂಲಕ ಅಲ್ಲಿ ಡಿಎಫ್ ಓಡಿಸಿ. ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ನನ್ನ ಸ್ಕ್ರಿಪ್ಟ್ ಮೊದಲ ಸರ್ವರ್‌ನ ಲೆಕ್ಕ ತೋರಿಸಿ ಸುಮ್ನೆ ಮುಗಿದುಹೋಯಿತು, ಒಂದು ಎರರ್ ಕೂಡ ಇಲ್ಲ. ಅರ್ಧ ದಿನ ನೆಟ್‌ವರ್ಕ್ ಮೇಲೇ ಅನುಮಾನ. ಆಗಿದ್ದೇನೆಂದರೆ, ಲೂಪ್ ಓದಬೇಕಿದ್ದ ಉಳಿದ ಸಾಲುಗಳನ್ನು ಎಸ್‌ಎಸ್‌ಎಚ್ ತನ್ನ ಇನ್‌ಪುಟ್ ಅಂದುಕೊಂಡು ನುಂಗಿಬಿಟ್ಟಿತ್ತು! ಎಸ್‌ಎಸ್‌ಎಚ್ ಪಕ್ಕದಲ್ಲಿ ಮೈನಸ್ ಎನ್ ಸೇರಿಸಿದೆ, ಸರಿಹೋಯಿತು.

ಒಂದೇ ಮಷೀನಿನಲ್ಲಿ ಪೈಪ್ ಹಾಕುವಾಗ, ಅಂದರೆ ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವಾಗ, ಆಚೆ ಕಡೆಯವರು ಇದ್ದಾರೋ ಇಲ್ಲವೋ ಅನ್ನುವ ಚಿಂತೆ ಇರುವುದಿಲ್ಲ, ಅಲ್ವಾ? ಇಲ್ಲಿ ಹಾಗಲ್ಲ. ಒಂದು ಸರ್ವರ್ ಡೌನ್ ಆಗಿದ್ದರೆ ಸ್ಕ್ರಿಪ್ಟ್ ನಿಮಿಷಗಟ್ಟಲೆ ಕಾಯುತ್ತಾ ಕೂರಬಹುದು. ಎಸ್‌ಎಸ್‌ಎಚ್‌ಗೆ ಕೊಡುವ ಆಯ್ಕೆಗಳಲ್ಲಿ ಕನೆಕ್ಟ್‌ಟೈಮ್‌ಔಟ್ 5 ಸೆಕೆಂಡ್ ಇಡಿ. ಬ್ಯಾಚ್‌ಮೋಡ್‌ಗೆ ಯೆಸ್ ಕೊಡಿ, ಇಲ್ಲದಿದ್ದರೆ ಪಾಸ್‌ವರ್ಡ್ ಕೇಳಿಕೊಂಡು ನಿಂತುಬಿಡುತ್ತದೆ. ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ನಂಬರ್) 255 ಬಂದರೆ ಸಾಮಾನ್ಯವಾಗಿ ಎಸ್‌ಎಸ್‌ಎಚ್ ತಾನೇ ಎಡವಿದೆ ಅಂತ, ಬೇರೆ ನಂಬರ್ ಆದರೆ ಅದು ಆಚೆ ಓಡಿದ ಕಮಾಂಡಿನದು. 255 ಬಂದಾಗ ಆ ಹೆಸರಿನ ಮುಂದೆ ‘ಸಿಗಲಿಲ್ಲ’ ಅಂತ ಬರೆದು ಲೂಪ್ ಮುಂದಕ್ಕೆ ಹೋಗಲಿ. ಖಾಲಿ ಬಿಟ್ಟರೆ ಎಲ್ಲ ಚೆನ್ನಾಗಿದೆ ಅಂದುಕೊಂಡು ನೀವು ಕಾಫಿಗೆ ಹೋಗುತ್ತೀರಿ.

ಸ್ಕ್ರಿಪ್ಟ್ 50 ಸಾಲು ದಾಟಿದರೆ ಪೈಥಾನ್‌ಗೆ ಹೋಗಿಬಿಡಿ, ಬ್ಯಾಶ್ ಜೊತೆ ಗುದ್ದಾಡುವುದು ಬೇಡ. ಪೈಥಾನ್ ಹುಟ್ಟಿದ್ದರ ಹಿಂದೆಯೂ ಇಂಥದೇ ತಾಪತ್ರಯ ಇತ್ತು. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯಲ್ಲಿ ಗೀಡೊ ವಾನ್ ರಾಸಮ್ ಅವರು ಹಲವು ಮಷೀನ್‌ಗಳನ್ನು ಒಂದಾಗಿ ನಡೆಸುವ ಅಮೀಬಾ ಆಪರೇಟಿಂಗ್ ಸಿಸ್ಟಮ್‌ಗೆ ಕೆಲಸ ಮಾಡುತ್ತಿದ್ದರು, ಅದರ ಸಿಸ್ಟಮ್ ಕಾಲ್‌ಗಳು (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್‌ನಿಂದ ಕೆಲಸ ಕೇಳುವ ದಾರಿ) ಶೆಲ್‌ನ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ, 1989ರ ಕ್ರಿಸ್ಮಸ್ ರಜೆಯಲ್ಲಿ ತಮ್ಮದೇ ಭಾಷೆ ಶುರು ಮಾಡಿದರು.

ಕೊನೆಗೆ ಕ್ರಾನ್, ಹೇಳಿದ ಹೊತ್ತಿಗೆ ಸ್ಕ್ರಿಪ್ಟನ್ನು ತಾನೇ ಓಡಿಸುವ ಪ್ರೋಗ್ರಾಂ. ಅದಕ್ಕೆ ನಿಮ್ಮ ಪಾತ್ (ಕಮಾಂಡ್‌ಗಳನ್ನು ಹುಡುಕುವ ಜಾಗಗಳ ಪಟ್ಟಿ) ಗೊತ್ತಿರುವುದಿಲ್ಲ, ಫೈಲುಗಳ ಪೂರ್ತಿ ವಿಳಾಸ ಬರೆಯಿರಿ. ಹಾಕುವ ಮೊದಲು ಪಟ್ಟಿಯಲ್ಲಿ ಒಂದು ಹೆಸರನ್ನು ಬೇಕಂತಲೇ ತಪ್ಪಾಗಿ ಬರೆದು ಓಡಿಸಿ ನೋಡಿ. ‘ಸಿಗಲಿಲ್ಲ’ ಅಂತ ಬಂತಾ? ಹಾಗಾದರೆ ಹೆಸರು ಸರಿಮಾಡಿ, ಬೆಳಗ್ಗೆ 7ಕ್ಕೆ ಹಾಕಿಬಿಡಿ.