ಡಿಕಾಕ್ಷನ್ ರಾತ್ರಿಯೇ ಇಳಿಸಿಟ್ಟಿದ್ದೆ

ಮೊದಲನೇ ಬೆಳಗ್ಗೆ ನಾನು ಏಳೂ ಜನರನ್ನು ಎಬ್ಬಿಸಿಬಿಟ್ಟೆ. ಬೇಕಂತಲೇ ಅಲ್ಲ. ಕತ್ತಲಲ್ಲಿ ಪಾತ್ರೆ ಚೀಲಕ್ಕೆ ಕೈ ಹಾಕಿದೆ, ಸ್ಟೀಲ್ ಮುಚ್ಚಳ ಜಾರಿ ಬಂಡೆಗೆ ಬಡಿದು, ಉರುಳಿಕೊಂಡು ನೀರಿನವರೆಗೂ ಹೋಯಿತು. ಗಾಳಿಯಿಲ್ಲದ ಸರೋವರದ ಮೇಲೆ ಸದ್ದಿಗೆ ಅಡ್ಡವೇ ಇರಲ್ಲ. ಆಚೆ ದಡದ ಕ್ಯಾಂಪಿನವರೂ ಎದ್ದಿರಬೇಕು. ಡೇರೆಯೊಳಗಿಂದ ಭಾವ, "ಕರಡಿನಾ?" ಅಂದರು. "ಅಲ್ಲ, ನಾನು" ಅಂದೆ. "ಕರಡಿ ಆಗಿದ್ರೆ ಇಷ್ಟು ಗಲಾಟೆ ಮಾಡ್ತಿರ್ಲಿಲ್ಲ" ಅಂತ ಅಕ್ಕನ ದನಿ.

ಅಡುಗೆ ನನ್ನ ಪಾಲಿಗೆ ಬಂದಿತ್ತು. ಟೊರೊಂಟೊದಿಂದ ಕಾರಿನಲ್ಲಿ ಮೂರು ಗಂಟೆ ದೂರದ ಆಲ್ಗಾಂಕ್ವಿನ್ ಪಾರ್ಕಿಗೆ ಸೆಪ್ಟೆಂಬರ್ ಆರಂಭದ ಲೇಬರ್ ಡೇ ರಜೆಯಲ್ಲಿ ನಾಲ್ಕು ಕನೂಗಳಲ್ಲಿ, ಅಂದರೆ ಹುಟ್ಟು ಹಾಕುವ ಹಗುರ ದೋಣಿಗಳಲ್ಲಿ, ಎಂಟು ಜನ ಹೋಗಿದ್ದೆವು. 1893ರಲ್ಲಿ ಆದ ಪಾರ್ಕು, 7,600 ಚದರ ಕಿಲೋಮೀಟರಿಗೂ ಹೆಚ್ಚು ಕಾಡು, ನೀರು. ಒಂದು ಕ್ಯಾಂಪ್ ಜಾಗಕ್ಕೆ ಒಂಬತ್ತು ಜನರಿಗಿಂತ ಹೆಚ್ಚು ಬಿಡುವುದಿಲ್ಲ. ಜಾಗವನ್ನು ಐದು ತಿಂಗಳ ಹಿಂದೆ, ಏಪ್ರಿಲ್‌ನಲ್ಲೇ ಕಾದಿರಿಸಿದ್ದೆ. ಕನೂ ಲೇಕಿನಿಂದ ಹೊರಟು ಜೋ ಲೇಕ್ ದಾಟಿ ಬರ್ನ್ಟ್ ಐಲ್ಯಾಂಡ್ ಲೇಕಿಗೆ. ನಡುವೆ ನೀರು ಕಡಿದಲ್ಲೆಲ್ಲ ದೋಣಿ ಹೊತ್ತು ನಡೆಯಬೇಕು, ಅದೇ ಪೋರ್ಟೇಜ್. ಮೊದಲನೆಯದು ಸುಮಾರು 300 ಮೀಟರ್, ದೋಣಿ ಸುಮಾರು 20 ಕಿಲೋ. ದೋಣಿಯ ನಡುವಿನ ಅಡ್ಡಪಟ್ಟಿಗೆ ಇಲ್ಲಿ ಯೋಕ್ ಅನ್ನುತ್ತಾರೆ, ಅಂದರೆ ನಮ್ಮ ನೊಗ. ಎತ್ತಿನ ಕಷ್ಟ ನನಗೆ ಗೊತ್ತಾಗಿದ್ದು ಕೆನಡಾದಲ್ಲಿ.

ಮುಚ್ಚಳದ ಅವಮಾನವಾದ ಮೇಲೆ ಎರಡನೇ ದಿನ ಸಂಜೆಯಿಂದಲೇ ಮರುದಿನದ ಬೆಳಗಿಗೆ ತಯಾರಿ ಶುರು ಮಾಡಿದೆ. ಊರಲ್ಲಿ ಅಮ್ಮ ಮಲಗುವ ಮುಂಚೆ ಫಿಲ್ಟರಿಗೆ ಪುಡಿ ಹಾಕಿಡುತ್ತಿದ್ದುದು ನೆನಪಾಯಿತು. ನಾನು ಫಿಲ್ಟರ್ ತಂದಿರಲಿಲ್ಲ, ಹಳೇ ಪಂಚೆಯ ತುಂಡೊಂದಿತ್ತು. ಊಟವಾದ ಮೇಲೆ ಉಳಿದ ಬಿಸಿನೀರಲ್ಲಿ ಡಿಕಾಕ್ಷನ್ ಇಳಿಸಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿದೆ. ಗಾಜಿನ ಬಾಟಲಿ, ಅಂಗಡಿಯ ಸೀಲ್ ಮಾಡಿದ ತಗಡಿನ ಡಬ್ಬಿಯ ಊಟ ಈ ಪಾರ್ಕಿನ ಒಳಭಾಗಕ್ಕೆ ಒಯ್ಯುವಂತಿಲ್ಲ.

ತೊಡಕು ಇರುವುದು ಇಲ್ಲಿ. ಕರಡಿಗೆ ಸಿಗದ ಹಾಗೆ ವಾಸನೆ ಬರುವುದೆಲ್ಲ ರಾತ್ರಿ ಮರಕ್ಕೇರಬೇಕು: ನೆಲದಿಂದ 4 ಮೀಟರ್ ಮೇಲೆ, ಕಾಂಡದಿಂದ 2 ಮೀಟರ್ ಆಚೆ. ಟೂತ್‌ಪೇಸ್ಟ್ ಕೂಡ. ನಮ್ಮ ಇಂಗಿನ ಡಬ್ಬಿಗಂತೂ ಮೂರು ಚೀಲ ಸುತ್ತಿದ್ದೆ; ಕರಡಿಗೆ ಇಂಗು ಇಷ್ಟವೋ ಇಲ್ಲವೋ, ಪರೀಕ್ಷೆ ಮಾಡುವ ಧೈರ್ಯ ಇರಲಿಲ್ಲ. ಎಂಟು ಜನರ ಊಟದ ಚೀಲವನ್ನು ಕತ್ತಲಲ್ಲಿ ಒಬ್ಬನೇ ಇಳಿಸಿದರೆ ಹಗ್ಗ ಕೊಂಬೆಗೆ ಉಜ್ಜಿ ಕಿರ್ರೆನ್ನುತ್ತದೆ. ಹಾಗಾಗಿ ಡಿಕಾಕ್ಷನ್, ಹಾಲಿನ ಪುಡಿ, ಬೆಲ್ಲ, ಮನೆಯಲ್ಲೇ ಹುರಿದು ಒಗ್ಗರಣೆ ಬೆರೆಸಿ ತಂದ ಉಪ್ಪಿಟ್ಟಿನ ರವೆ, ಇಷ್ಟನ್ನೇ ಒಂದು ಸಣ್ಣ ಚೀಲಕ್ಕೆ ಹಾಕಿ ಬೇರೆ ಹಗ್ಗದಲ್ಲಿ ತೂಗುಹಾಕಿದೆ. ಖಾಲಿ ಪಾತ್ರೆಗಳ ನಡುವೆ ಟವೆಲ್ ತುರುಕಿದೆ. ಸ್ಟೌ ಅನ್ನು ಡೇರೆಗಳಿಂದ ದೂರ, ದೊಡ್ಡ ಬಂಡೆಯ ಮರೆಯಲ್ಲಿಟ್ಟೆ. ಗ್ಯಾಸ್ ಸಿಲಿಂಡರ್ ಮಾತ್ರ ನನ್ನ ಸ್ಲೀಪಿಂಗ್ ಬ್ಯಾಗಿನೊಳಗೆ, ಕಾಲ ಹತ್ತಿರ. ತಣ್ಣಗಾದರೆ ಅದರ ಒತ್ತಡ ಇಳಿದು ಉರಿ ಸೊರಗುತ್ತದೆ.

5:45ಕ್ಕೆ ಎದ್ದೆ. ಏಳೆಂಟು ಡಿಗ್ರಿ ಇದ್ದಿರಬಹುದು. ಡೇರೆಯ ಜಿಪ್ಪನ್ನು ಅರ್ಧಕ್ಕೇ ಬಿಟ್ಟು ಮಲಗಿದ್ದೆ, ನುಸುಳಿ ಬಂದೆ. ಹಣೆ ದೀಪವನ್ನು ಕೆಂಪಿಗೆ ತಿರುಗಿಸಿಕೊಂಡರೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಹಾಲಿನ ಪುಡಿಯನ್ನು ಮೊದಲು ತಣ್ಣೀರಲ್ಲಿ ಗೊಟಾಯಿಸಿಕೊಳ್ಳಬೇಕು, ನೇರ ಬಿಸಿನೀರಿಗೆ ಸುರಿದರೆ ಗಂಟು. ಅದು ಮೊದಲನೇ ದಿನದ ಇನ್ನೊಂದು ಪಾಠ.

ಲೋಟ ಹಿಡಿದು ನೀರಿನ ಅಂಚಿನ ಬಂಡೆಗೆ ಬಂದಾಗ ಸರೋವರವೇ ಕಾಣಲಿಲ್ಲ. ಬೇಸಿಗೆಯಿಡೀ ಕಾದ ನೀರು, ರಾತ್ರಿ ತಣಿದ ಗಾಳಿ. ನನ್ನ ಲೋಟದ ಮೇಲೆ ಆಗುತ್ತಿದ್ದದ್ದೇ ಅಲ್ಲೂ ಆಗುತ್ತಿತ್ತು. ಮಂಜು ಕವಿದು ಕೂತಿರಲಿಲ್ಲ, ಎಳೆ ಎಳೆಯಾಗಿ ಏಳುತ್ತಿತ್ತು, ನಡೆಯುತ್ತಿತ್ತು. ಮಗುಚಿ ಮರಕ್ಕೆ ಕಟ್ಟಿದ್ದ ನಾಲ್ಕು ದೋಣಿಗಳ ಬೆನ್ನ ಮೇಲೆ ಇಬ್ಬನಿ. ಕಟ್ಟದೆ ಬಿಟ್ಟರೆ ರಾತ್ರಿಯ ಗಾಳಿಗೆ ಕನೂ ಒಣಗಿದೆಲೆಯ ಹಾಗೆ ಹೋಗಿಬಿಡುತ್ತದೆ.

ಹಿಂದೆ ಹೆಜ್ಜೆ ಸದ್ದಾಯಿತು. ಗೆಳೆಯನ ಮಗಳು, ಹನ್ನೆರಡು ವರ್ಷ, ಮಂಕಿಕ್ಯಾಪ್ ಹಾಕಿಕೊಂಡು. "ಮಾಮಾ, ನಂಗೂ" ಅಂತ ಪಿಸುಗುಟ್ಟಿದಳು. ಹಾಲು ಜಾಸ್ತಿ ಹಾಕಿ ಕೊಟ್ಟೆ. ಇಬ್ಬರೂ ಕೂತೆವು.

ಆಗ ಲೂನ್ ಕೂಗಿತು. ಇಲ್ಲಿನ ಒಂದು ಡಾಲರ್ ನಾಣ್ಯದ ಮೇಲೆ 1987ರಿಂದ ಇರುವ ಹಕ್ಕಿ, ಅದಕ್ಕೇ ನಾಣ್ಯದ ಹೆಸರೂ ಲೂನಿ. ನಡುಗುವ ನಗುವಿನಂಥ ಕೂಗು ಬಂದರೆ ಅದಕ್ಕೆ ಗಾಬರಿಯಾಗಿದೆ ಅಂತ ಅರ್ಥ. ಇದು ಅದಲ್ಲ, ಉದ್ದಕ್ಕೆ ಎಳೆದು ಬಿಡುವ ಕೂಗು, ದೂರದ ಜೊತೆಯ ಹಕ್ಕಿಯನ್ನು ಎಲ್ಲಿದ್ದೀಯ ಅಂತ ಕೇಳುವುದು. ಎಡಗಡೆ ಮಂಜಿನೊಳಗಿಂದ ಒಂದು ಕೇಳಿತು, ತುಂಬಾ ಹೊತ್ತು ಬಿಟ್ಟು ಬಲಗಡೆಯಿಂದ ಇನ್ನೊಂದು. ಹುಡುಗಿ ನನ್ನ ತೋಳು ಹಿಡಿದಳು. ಹಕ್ಕಿ ಮಾತ್ರ ಎರಡೂ ಕಾಣಲಿಲ್ಲ. ಎರಡನೇ ಲೋಟ ಕುಡಿದೆವು. ಆಚೆ ದಡದ ಪೈನ್ ಮರಗಳ ತುದಿಗೆ ಬಿಸಿಲು ಬಿದ್ದು, ಬುಡ ಇನ್ನೂ ಮಂಜಿನಲ್ಲೇ ಇತ್ತು.

7:20ಕ್ಕೆ ಜರ್ರನೆ ಒಂದು ಜಿಪ್ಪು ತೆರೆಯಿತು. ಭಾವ. "ಕಾಫಿ ಆಯ್ತಾ?"

ಮಧ್ಯಾಹ್ನದ ಎದುರುಗಾಳಿ ಏಳುವ ಮೊದಲು ಹುಟ್ಟು ಹಾಕುವುದು ಒಳ್ಳೆಯದು, ಹಾಗಾಗಿ ಎಲ್ಲರಿಗೂ ಬೇಗ ಬೇಗ ಸುರಿದೆ. ಎಂಟು ಜನರಿಗೆಂದು ಇಳಿಸಿದ್ದ ಡಿಕಾಕ್ಷನ್ನಿನಲ್ಲಿ ನಾವಿಬ್ಬರೇ ನಾಲ್ಕು ಲೋಟ ಮುಗಿಸಿದ್ದೆವು. ಉಳಿದದ್ದಕ್ಕೆ ನೀರು ಬೆರೆಸಿದೆ. ಭಾವ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿದರು. ಹುಡುಗಿ ಲೂನ್ ಹುಡುಕುವವಳ ಹಾಗೆ ನೀರಿನ ಕಡೆ ಮುಖ ತಿರುಗಿಸಿಕೊಂಡಳು.