ನೋವಾಗದ ಪಾದವನ್ನೇ ಮೊದಲು ನೋಡಿ

ದೇಶದ ಮೊದಲ ಕೊರೊನಾ ಸಾವು ವರದಿಯಾಗಿದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಿಂದ. ಆಗ ಆಸ್ಪತ್ರೆ ಎಂದರೆ ಎಲ್ಲರಿಗೂ ಅಂಜಿಕೆಯಿತ್ತು. ‘ನೋವಾದರೆ ಹೋದರಾಯ್ತು’ ಎಂದು ಸಕ್ಕರೆ ಕಾಯಿಲೆಯವರೂ ಸುಮ್ನೆ ಕೂತರು. ತೊಂದರೆ ಇರುವುದೇ ಅಲ್ಲಿ. ಸಕ್ಕರೆ ಬಹಳ ವರ್ಷ ಜಾಸ್ತಿ ಇದ್ದರೆ ಪಾದದ ನರಗಳು ಸೋಲುತ್ತವೆ. ಜಾಲಿಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ.

ಹಾಗಾಗಿ ಮೊದಲು ಸ್ಪರ್ಶ ಪರೀಕ್ಷೆ. ಖರ್ಚಿಲ್ಲ, ಮನೆಯವರೊಬ್ಬರು ಸಾಕು. ಕಾಯಿಲೆ ಇರುವವರು ಕಣ್ಣು ಮುಚ್ಚಿ ಮಲಗಲಿ. ಇನ್ನೊಬ್ಬರು ತೋರುಬೆರಳಿನಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಹಗುರಾಗಿ ಮುಟ್ಟಲಿ. ಒತ್ತಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ಎಡಗಾಲೋ ಬಲಗಾಲೋ ಎಂದು ಮಲಗಿದವರು ಹೇಳಬೇಕು. ಆರರಲ್ಲಿ ಎರಡು ಕಡೆ ತಿಳಿಯದಿದ್ದರೂ ಸ್ಪರ್ಶ ಕಡಿಮೆಯಾಗಿದೆ ಎಂದೇ ಅರ್ಥ. ಡಾಕ್ಟರಿಗೆ ಹೇಳಿ.

ಆಮೇಲೆ ದಿನಾ ರಾತ್ರಿ ಪಾದ ನೋಡುವುದು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಲಿ. ಅಂಗಾಲು, ಹಿಮ್ಮಡಿಯ ಒಡಕು, ಬೆರಳ ಸಂದು ಯಾವುದನ್ನೂ ಬಿಡಬೇಡಿ.

ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕು, ಕಾಲನ್ನು ನಂಬಬೇಡಿ. ಸಂದುಗಳನ್ನು ಒಣಗಿಸಿ ಒರೆಸಿ. ಕೊಬ್ಬರಿ ಎಣ್ಣೆಯನ್ನು ಹಿಮ್ಮಡಿಗೆ ಹಚ್ಚಬಹುದು, ಸಂದಿಗೆ ಬೇಡ. ಉಗುರನ್ನು ನೇರಕ್ಕೆ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಕೆತ್ತುವ ಚಾಳಿಯಂತೂ ಬೇಡವೇ ಬೇಡ.

ಮನೆಯೊಳಗೇ ಇದ್ದೇವೆ, ಚಪ್ಪಲಿ ಯಾಕೆ ಅನ್ನಬಹುದು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಂಗಳದಲ್ಲಿ ಶಹಾಬಾದ್ ಫರ್ಸಿ ಕಲ್ಲು ಹಂಚಿನಂತೆ ಕಾಯುತ್ತದೆ. ಬಟ್ಟೆ ಒಣಹಾಕಿ ಬರುವಷ್ಟರಲ್ಲೇ ಬೊಬ್ಬೆ ಏಳಬಹುದು, ಸಂಜೆವರೆಗೂ ಗೊತ್ತಾಗದೆ ಇರಬಹುದು. ಒಳಗೆ ಓಡಾಡಲು ಮೆತ್ತನೆಯದೊಂದು ಜೋಡು ಬೇರೆ ಇಡಿ. ಹಾಕುವ ಮುಂಚೆ ಕೊಡವಿ, ಒಳಗೆ ಕೈಯಾಡಿಸಿ. ಹರಳು ಇರುತ್ತದೆ, ಕೆಲವೊಮ್ಮೆ ಚೇಳೂ!

ಸಣ್ಣ ಗಾಯವಾದರೆ ಶುದ್ಧ ನೀರಿನಿಂದ ತೊಳೆದು ಒಣ ಬ್ಯಾಂಡೇಜ್ ಕಟ್ಟಿ. ಸುಣ್ಣ, ಟೂತ್‌ಪೇಸ್ಟ್ ಮೆತ್ತಬೇಡಿ. ಅಂದೇ ಡಾಕ್ಟರಿಗೆ ಫೋನ್ ಮಾಡಿ. ಬೆಳಕಲ್ಲಿ ಎರಡು ಫೋಟೊ ತೆಗೆದು ಕಳಿಸಿ: ಗಾಯದ್ದೊಂದು, ಇಡೀ ಪಾದದ್ದೊಂದು. ಸಕ್ಕರೆ ಎಷ್ಟಿದೆ ಎಂಬುದನ್ನೂ ಬರೆಯಿರಿ. ಫೋನ್‌ನಲ್ಲಿ ಸಲಹೆ ಕೊಡುವುದಕ್ಕೆ ಸರ್ಕಾರವೇ 2020ರ ಮಾರ್ಚ್‌ನಲ್ಲಿ ನಿಯಮ ಮಾಡಿದೆ, ಸಂಕೋಚ ಯಾಕೆ?

ಆದರೆ ಪಾದ ಕೆಂಪಾಗಿ ಊದಿ ಬಿಸಿಯಾದರೆ, ಕೀವು, ವಾಸನೆ, ಕಪ್ಪು ಕಂಡರೆ, ಜ್ವರ ಬಂದರೆ ಫೋಟೊ ಕಳಿಸಿ ಕಾಯುತ್ತ ಕೂರಬೇಡಿ. ಆಸ್ಪತ್ರೆಗೆ ಹೊರಡಿ. ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ.